ಕಣಜ ಗೂಡು ಕಟ್ಟುವ ಮುನ್ನ

1996ರ ಫೆಬ್ರವರಿ 6ರ ರಾತ್ರಿ ವೆಸ್ಟ್ ಇಂಡೀಸ್ ದ್ವೀಪ ಸಮೂಹದ ಡೊಮಿನಿಕನ್ ಗಣರಾಜ್ಯದಿಂದ ಬೋಯಿಂಗ್ 757 ವಿಮಾನವೊಂದು ಜರ್ಮನಿಯತ್ತ ಹೊರಟಿತು. ಪೋರ್ಟೊ ಪ್ಲಾಟಾ ನಿಲ್ದಾಣದ ನೆಲ ಬಿಟ್ಟ ಸುಮಾರು ಐದೇ ನಿಮಿಷಗಳಲ್ಲಿ ಅದು ಸಮುದ್ರಕ್ಕೆ ಬಿತ್ತು. ಒಳಗಿದ್ದ 189 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಿರುಗಾಳಿಯಾಗಲಿ, ಎಂಜಿನ್ನಿನ ದೋಷವಾಗಲಿ ಇದಕ್ಕೆ ಕಾರಣವಾಗಿರಲಿಲ್ಲ. ಕ್ಯಾಪ್ಟನ್‌ನ ಮುಂದಿದ್ದ ವೇಗಮಾಪಕ ಸುಳ್ಳು ಹೇಳಿತ್ತು.

ವಿಮಾನದ ಮೂಗಿನ ಬಳಿ ಮುಂದಕ್ಕೆ ಬಾಯಿ ತೆರೆದ ಪುಟ್ಟ ಕೊಳವೆಗಳಿರುತ್ತವೆ. ಇವುಗಳ ಹೆಸರು ಪಿಟೋ ಕೊಳವೆ. ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು ಸುತ್ತಲಿನ ಗಾಳಿಯ ಸಹಜ ಒತ್ತಡದೊಂದಿಗೆ ಹೋಲಿಸಿ ವೇಗಮಾಪಕ ವಿಮಾನದ ವೇಗವನ್ನು ತೋರಿಸುತ್ತದೆ. ಕೊಳವೆಯ ಬಾಯಿ ಕಟ್ಟಿದರೆ ಒಳಗಿನ ಗಾಳಿ ಅಲ್ಲೇ ಉಳಿಯುತ್ತದೆ. ವಿಮಾನ ಮೇಲೇರಿದಂತೆ ಹೊರಗಿನ ಒತ್ತಡ ಕಡಿಮೆಯಾಗುವುದರಿಂದ, ಮಾಪಕ ಇಲ್ಲದ ವೇಗವನ್ನು ತೋರಿಸತೊಡಗುತ್ತದೆ. ಅಂದು ಆದದ್ದೂ ಅದೇ. ವಿಮಾನ ಅತಿವೇಗದಲ್ಲಿದೆಯೆಂದು ಭಾವಿಸಿ ವೇಗ ತಗ್ಗಿಸಲಾಯಿತು. ನಿಜವಾದ ವೇಗ ಸಾಲದೆ ವಿಮಾನ ಆಯ ತಪ್ಪಿ ಉರುಳಿತು. ಹೊರಡುವ ಮುನ್ನ ಆ ವಿಮಾನ ಕೆಲವು ದಿನ ನೆಲದ ಮೇಲೆ ನಿಂತಿತ್ತು, ಕೊಳವೆಗಳಿಗೆ ಮುಸುಕು ಹಾಕಿರಲಿಲ್ಲ. ಕೊಳವೆಗಳು ಸಮುದ್ರದಿಂದ ಮೇಲೆ ಬರಲಿಲ್ಲವಾದರೂ, ಆ ಸೀಮೆಯಲ್ಲಿ ಹೇರಳವಾಗಿರುವ, ಮಣ್ಣಿನಿಂದ ಗೂಡು ಕಟ್ಟುವ ಕಣಜವೊಂದು ಅದರೊಳಗೆ ಮಣ್ಣು ಮೆತ್ತಿರಬೇಕೆಂಬುದು ತನಿಖೆ ಮಾಡಿದವರ ಅನುಮಾನ. 2013ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಿಂದ ಹೊರಟ ವಿಮಾನವೊಂದು ಇಂಥದೇ ತೊಂದರೆಯಿಂದ ಹಿಂದಿರುಗಿದಾಗ, ಅದರ ಪಿಟೋ ಕೊಳವೆಯಲ್ಲಿ ಕಣಜದ ಮಣ್ಣುಗೂಡು ಪ್ರತ್ಯಕ್ಷವಾಗಿಯೇ ಸಿಕ್ಕಿತು.

ಬಟ್ಟೆಯ ಒಂದು ಮುಸುಕಿನಿಂದ ತಪ್ಪಿಸಬಹುದಾದ ಅನಾಹುತವಿದು. ಮನೆ, ಶಾಲೆ, ತೋಟಗಳಲ್ಲಿ ಕಣಜಗಳಿಂದಾಗುವ ತೊಂದರೆಗೂ ಇದೇ ಮಾತು ಸಲ್ಲುತ್ತದೆ. ಗೂಡು ಕುಂಬಳಕಾಯಿಯಷ್ಟಾದ ಮೇಲೆ ಪಂಜು, ಸೀಮೆಎಣ್ಣೆ, ಏಣಿ ಹುಡುಕುವವರು ಬಹಳ ಮಂದಿ. ಅದು ಐದು ರೂಪಾಯಿ ನಾಣ್ಯದಷ್ಟಿರುವಾಗ ತಲೆಯೆತ್ತಿ ನೋಡುವವರು ಕಡಿಮೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಹುಟ್ಟಿದ್ದು ಇಂಥ ಸಂದರ್ಭಕ್ಕೇ ಇರಬೇಕು.

ಮೂರು ಬಗೆಯ ನೆರೆಯವರು

ಕಣಜ, ಕಡಜ ಎಂದು ಊರಿಂದೂರಿಗೆ ಹೆಸರು ಅದಲುಬದಲಾಗುತ್ತದೆ. ಗೊಂದಲವಾಗದಿರಲೆಂದು ಇಲ್ಲಿ ಸಣಕಲು ಮೈಯ, ಚಿಕ್ಕ ಗಾತ್ರದ ಹುಳುವನ್ನು ಕಣಜವೆಂದೂ, ದಪ್ಪ ಮೈಯ ದೊಡ್ಡ ಹುಳುವನ್ನು ಕಡಜವೆಂದೂ ಕರೆಯೋಣ. ನಮ್ಮ ಮನೆಗಳ ಸುತ್ತ ಗೂಡು ಕಟ್ಟುವವರಲ್ಲಿ ಮುಖ್ಯವಾಗಿ ಮೂರು ಬಗೆ. ಗೂಡನ್ನು ನೋಡಿಯೇ ಇವುಗಳನ್ನು ಗುರುತಿಸಬಹುದು. ಯಾವುದನ್ನು ಬಿಡಬೇಕು, ಯಾವುದಕ್ಕೆ ಹೆದರಬೇಕು ಎಂದು ತಿಳಿಯಲು ಈ ಗುರುತು ಅಗತ್ಯ.

ಮೊದಲನೆಯದು ಮಣ್ಣಿನ ಗೂಡು. ಗೋಡೆಯ ಮೂಲೆ, ಕಿಟಕಿಯ ಚೌಕಟ್ಟು, ಬೀಗದ ತೂತು, ಸ್ವಿಚ್ ಬೋರ್ಡು, ಪುಸ್ತಕದ ಬೆನ್ನು, ಹೀಗೆ ಎಲ್ಲೆಂದರಲ್ಲಿ ಹಸಿಮಣ್ಣು ತಂದು ಮೆತ್ತುವ ಕುಂಬಾರ ಹುಳದ ಕೆಲಸವಿದು. ಇದು ಒಂಟಿ ಜೀವಿ. ಇದಕ್ಕೆ ರಾಣಿಯಿಲ್ಲ, ಸೈನ್ಯವಿಲ್ಲ. ತಾಯಿ ಹುಳು ಒಂದೊಂದೇ ಕೋಣೆ ಕಟ್ಟಿ, ಜಾತಿಗೆ ತಕ್ಕಂತೆ ಜೇಡಗಳನ್ನೋ ಕಂಬಳಿಹುಳುವಿನಂಥ ಮರಿಗಳನ್ನೋ ಕುಟುಕಿ ತಂದು ಅದರಲ್ಲಿ ತುಂಬುತ್ತದೆ. ಕುಟುಕಿದ ಬೇಟೆ ಸಾಯುವುದಿಲ್ಲ, ಮರಗಟ್ಟಿ ಬಿದ್ದಿರುತ್ತದೆ. ಆದ್ದರಿಂದ ಕೊಳೆಯುವುದೂ ಇಲ್ಲ. ಅದರೊಂದಿಗೆ ಒಂದು ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ತಾಯಿ ಹೊರಟುಹೋಗುತ್ತದೆ. ಧಾನ್ಯ ತುಂಬುವ ಕಣಜ ಬೇರೆ, ಕುಟುಕುವ ಕಣಜ ಬೇರೆಯಾದರೂ, ಈ ಮಣ್ಣುಕೋಣೆ ಮಾತ್ರ ಎರಡೂ ಅರ್ಥದಲ್ಲಿ ಕಣಜವೇ.

ನಮ್ಮ ಹಿರಿಯರು ಇದನ್ನು ಗಮನಿಸದೇ ಇರಲಿಲ್ಲ. ಹುಳುವನ್ನು ಒಳಗೆ ಹಾಕಿ ಮುಚ್ಚಿದ ಗೂಡಿನಿಂದ ಕೆಲವು ದಿನಗಳ ಮೇಲೆ ರೆಕ್ಕೆಯುಳ್ಳ ಜೀವಿ ಹೊರಬರುವುದನ್ನು ಕಂಡು, ಭ್ರಮರವನ್ನೇ ಧ್ಯಾನಿಸುತ್ತಾ ಕೀಟವೂ ಭ್ರಮರವಾಗುತ್ತದೆ ಎಂದರು. ವೇದಾಂತದಲ್ಲಿ ಇದು ಭ್ರಮರ-ಕೀಟ ನ್ಯಾಯವೆಂದು ಹೆಸರಾಯಿತು. ಗುರುಶಿಷ್ಯರ ಸಂಬಂಧಕ್ಕೆ ಅದು ಸೊಗಸಾದ ಉಪಮೆ. ಆದರೆ ಗೂಡನ್ನು ಹಂತ ಹಂತವಾಗಿ ಬಿಚ್ಚಿ ನೋಡಿದವರಿಗೆ ಕಾಣುವುದು ಬೇರೆ. ಹೊರಗೆ ಹಾರಿಬರುವುದು ಒಳಗೆ ಹಾಕಿದ ಕೀಟವಲ್ಲ, ಅದನ್ನು ತಿಂದು ಬೆಳೆದ ಕಣಜದ ಮರಿ. ಕುಂಬಾರ ಹುಳ ಗೂಡು ಕಾಯುವುದಿಲ್ಲ, ಕೈಯಲ್ಲಿ ಹಿಡಿದು ಹಿಸುಕದ ಹೊರತು ಮನುಷ್ಯನನ್ನು ಕುಟುಕುವುದೂ ಅಪರೂಪ. ಗೂಡಿನಲ್ಲಿ ದುಂಡನೆಯ ತೂತು ಕಂಡರೆ ಮರಿ ಹಾರಿಹೋಗಿದೆ ಎಂದರ್ಥ. ಆಮೇಲೆ ಮಣ್ಣನ್ನು ಕೆರೆದು ತೆಗೆದರಾಯಿತು.

ಎರಡನೆಯದು ಕಾಗದದ ಗೂಡು. ಸೂರಿನ ಕೆಳಗೆ, ಕಿಟಕಿಯ ಮೇಲಿನ ಸಜ್ಜದಡಿ, ಎಲೆಯ ಹಿಂಭಾಗದಲ್ಲಿ ತೆಳುವಾದ ತೊಟ್ಟಿನಿಂದ ಜೋತುಬಿದ್ದಿರುವ, ಕೋಣೆಗಳು ಕಣ್ಣಿಗೆ ಕಾಣುವಂತೆ ತೆರೆದಿರುವ ಬೂದುಬಣ್ಣದ ಹುಟ್ಟು. ಇದು ಸಂಘಜೀವಿ ಕಣಜಗಳದು. ಹತ್ತಿರ ಹೋದರೆ ಇವು ರೆಕ್ಕೆ ನಿಮಿರಿಸಿ ಎಚ್ಚರಿಸುತ್ತವೆ; ಅದನ್ನು ಮೀರಿ ಗೂಡು ಮುಟ್ಟಿದರೆ ಕುಟುಕುತ್ತವೆ.

ಮೂರನೆಯದು ಮುಚ್ಚಿದ ಗೂಡು. ಫುಟ್‌ಬಾಲಿನಷ್ಟಿದ್ದು ಇನ್ನೂ ದೊಡ್ಡದಾಗಿ ಬೆಳೆಯಬಲ್ಲ, ಪದರ ಪದರವಾದ ಕಾಗದದ ಹೊದಿಕೆಯಿರುವ, ಒಂದು ಕಡೆ ಮಾತ್ರ ಬಾಗಿಲಿರುವ ಗೂಡು. ಮರದ ಕೊಂಬೆ, ಪೊಟರೆ, ಪೊದೆ, ಕೆಲವೊಮ್ಮೆ ಕಟ್ಟಡದ ಸಂದಿ ಇದರ ಸ್ಥಳ. ಇದು ಕಡಜದ ಕೋಟೆ. ಇದರಿಂದ ದೂರವಿರುವುದೇ ಕ್ಷೇಮ.

ಹೆಜ್ಜೇನು ಈ ಮೂರರಲ್ಲಿ ಯಾವುದೂ ಅಲ್ಲ. ಬಂಡೆ, ದೊಡ್ಡ ಮರ, ಎತ್ತರದ ನೀರಿನ ತೊಟ್ಟಿಗಳಿಗೆ ಜೋತುಬೀಳುವ ಅದರ ಹುಟ್ಟು ಮೇಣದ್ದು, ಅದನ್ನು ಮುಚ್ಚಿರುವ ಹೊದಿಕೆ ಹುಳುಗಳದೇ. ಜೇನು ಕುಟುಕಿದರೆ ಅದರ ಮುಳ್ಳು ಚರ್ಮದಲ್ಲಿ ಉಳಿಯುತ್ತದೆ, ಹುಳು ಸಾಯುತ್ತದೆ. ಕಣಜ, ಕಡಜಗಳ ಕೊಂಡಿ ನುಣುಪು. ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಕೊಂಡಿಯೆಂಬುದು ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆದದ್ದು. ಹಾಗಾಗಿ ಕುಟುಕುವುದು ಹೆಣ್ಣು ಹುಳು ಮಾತ್ರ.

ಕಾಗದ ಕಲಿಸಿದ ಗುರು

ಕಾಗದದ ಗೂಡು ಎಂಬುದು ಉಪಮೆಯಲ್ಲ. ಕಣಜ ಒಣಮರದ ಗೂಟ, ಹಳೆಯ ಬೇಲಿ, ಬಣ್ಣ ಕಳೆದ ಕಿಟಕಿಯ ಹಲಗೆಗಳಿಂದ ನಾರನ್ನು ಹಲ್ಲಿನಿಂದ ಕೆರೆಯುತ್ತದೆ. ಎಂಜಲಿನೊಂದಿಗೆ ಅಗಿದು ಮುದ್ದೆ ಮಾಡಿ, ತೆಳುವಾಗಿ ಹಾಸುತ್ತದೆ. ಒಣಗಿದ ಮೇಲೆ ಅದು ನಿಜವಾದ ಕಾಗದ. ಯುರೋಪಿನಲ್ಲಿ ಚಿಂದಿಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರೇಮೂರ್ ಕಣಜದ ಗೂಡನ್ನು ತೋರಿಸಿ ಮರದಿಂದಲೂ ಕಾಗದ ಮಾಡಬಹುದೆಂದು ಸೂಚಿಸಿದ. ಮರವನ್ನು ಅರೆದು ಕಾಗದದ ತಿರುಳು ಮಾಡುವ ಯಂತ್ರ ಜರ್ಮನಿಯ ಕೆಲ್ಲರ್‌ನಿಂದ ಬಂದದ್ದು 1844ರಲ್ಲಿ. ಮಕ್ಕಳ ನೋಟುಪುಸ್ತಕದ ಹಾಳೆಗೂ ಸೂರಿನಡಿಯ ಗೂಡಿಗೂ ಇರುವ ನಂಟು ಇದು.

ಆರು ಮೂಲೆಯ ಕೋಣೆಗಳನ್ನು ಒಂದಕ್ಕೊಂದು ಅಂಟಿಸಿದರೆ ನಡುವೆ ಜಾಗ ವ್ಯರ್ಥವಾಗುವುದಿಲ್ಲ, ಒಂದು ಗೋಡೆ ಎರಡು ಕೋಣೆಗೆ ಆಗುತ್ತದೆ. ಇಡೀ ಗೂಡು ಒಂದೇ ತೊಟ್ಟಿನ ಮೇಲೆ ತೂಗಾಡುವುದಕ್ಕೂ ಕಾರಣವಿದೆ. ಕಣಜದ ಮರಿಗಳಿಗೆ ದೊಡ್ಡ ಶತ್ರು ಇರುವೆ. ಗೂಡಿಗೆ ಇರುವುದು ಒಂದೇ ದಾರಿಯಾದರೆ ಕಾವಲು ಸುಲಭ. ಜೊತೆಗೆ ತಾಯಿ ಹುಳು ಆ ತೊಟ್ಟಿಗೆ ಇರುವೆಗೆ ಹಿಡಿಸದ ರಸವೊಂದನ್ನು ಸವರುತ್ತದೆ. ಅಡುಗೆಮನೆಯ ಗೂಡಿನ ಕಾಲಿಗೆ ನೀರಿನ ಬಟ್ಟಲಿಡುವ ಗೃಹಿಣಿಯ ಉಪಾಯವೇ ಇದು.

ಗೂಡು ಬೇರುಬಿಡುವುದು ಆ ತೊಟ್ಟಿನಲ್ಲಿ. ತೊಟ್ಟು ಅಂಟುವ ಮೊದಲು, ಅಥವಾ ಅಂಟಿದ ಹೊಸತರಲ್ಲಿ, ಕಟ್ಟಡದ ಯಜಮಾನಿ ಒಂದೋ ಎರಡೋ ಹುಳು. ಕಾಪಾಡಲು ಮರಿಗಳಿಲ್ಲ, ಕಾಯಲು ದಂಡಿಲ್ಲ. ಆಗ ಗೂಡು ತೆಗೆದರೆ ಹುಳು ಬೇರೆಡೆ ಹೋಗುತ್ತದೆ, ಇಲ್ಲವೇ ಅಲ್ಲೇ ಮತ್ತೆ ಕಟ್ಟಲು ನೋಡುತ್ತದೆ. ಎರಡು ಮೂರು ಸಲ ತೆಗೆದರೆ ಬೇಸತ್ತು ಜಾಗ ಬಿಡುತ್ತದೆ. ಮರಿ ತುಂಬಿದ ಗೂಡಿನ ಮಾತೇ ಬೇರೆ. ಅಲ್ಲಿ ಪ್ರತಿಯೊಂದು ಹುಳುವೂ ಕಾವಲುಗಾರ.

ಬೆಂಗಳೂರಿನ ಜಾಲರಿಯ ಪಾಠ

ಸಂಘಜೀವಿ ಕಣಜಗಳ ಬದುಕನ್ನು ಜಗತ್ತಿಗೆ ತಿಳಿಸಿದ ದೊಡ್ಡ ಕೆಲಸವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಪ್ರೊ. ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ರೊಪಾಲಿಡಿಯ ಮಾರ್ಜಿನೇಟ ಎಂಬ ಸಾಮಾನ್ಯ ಕಣಜವನ್ನು ಅಭ್ಯಾಸ ಮಾಡಿದರು. ಹುಳುಗಳ ಮೈಮೇಲೆ ಬಣ್ಣದ ಚುಕ್ಕೆಯಿಟ್ಟು, ಯಾರು ಮೊಟ್ಟೆಯಿಡುತ್ತಾರೆ, ಯಾರು ಮೇವು ತರುತ್ತಾರೆ, ಯಾರು ಯಾರನ್ನು ಗದರುತ್ತಾರೆ ಎಂದು ಗಂಟೆಗಟ್ಟಲೆ ಕುಳಿತು ಬರೆದುಕೊಂಡರು. 2001ರಲ್ಲಿ ಇದೇ ಕಣಜದ ಸಮಾಜಜೀವನವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಕೋಟ್ಯಂತರ ರೂಪಾಯಿಯ ಯಂತ್ರವಿಲ್ಲದೆ, ಕಣ್ಣು ಮತ್ತು ತಾಳ್ಮೆಯಿಂದ ಎಂಥ ವಿಜ್ಞಾನ ಸಾಧ್ಯ ಎಂಬುದಕ್ಕೆ ವಿದ್ಯಾರ್ಥಿಗಳು ಈ ಕೆಲಸವನ್ನು ನೋಡಬೇಕು.

ಈ ಕಣಜದ ರಾಣಿ ಸಾಧು ಸ್ವಭಾವದವಳು. ಜಗಳವಾಡದೆ, ದೇಹದಿಂದ ಹೊರಡುವ ರಾಸಾಯನಿಕ ಸಂದೇಶದಿಂದಲೇ ತಾನು ಇರುವುದನ್ನು ತಿಳಿಸುತ್ತಾಳೆ. ರಾಣಿಯನ್ನು ತೆಗೆದರೆ ಕೆಲಸಗಾರ್ತಿಯರಲ್ಲಿ ಒಬ್ಬಳು ಸ್ವಲ್ಪ ಹೊತ್ತಿನಲ್ಲೇ ಆರ್ಭಟಿಸತೊಡಗುತ್ತಾಳೆ. ಸುಮಾರು ಒಂದು ವಾರದಲ್ಲಿ ಶಾಂತಳಾಗಿ, ಮೊಟ್ಟೆಯಿಡುವ ಹೊಸ ರಾಣಿಯಾಗುತ್ತಾಳೆ. ಗೂಡಿನ ಒಂದೆರಡು ಹುಳುಗಳನ್ನು ಕೊಂದರೆ ಸಂಸಾರ ಮುಗಿಯಿತೆಂದು ಭಾವಿಸುವವರು ಇದನ್ನು ನೆನಪಿಡಬೇಕು.

ಮನೆಗೆ ಬೇಕಾದ ಇನ್ನೊಂದು ಪಾಠವೂ ಅಲ್ಲಿದೆ. ಸಂಶೋಧನೆಯ ಗೂಡುಗಳಿರುವ ಕೋಣೆಗೆ ಮುಕ್ಕಾಲು ಸೆಂಟಿಮೀಟರ್ ಕಣ್ಣಿನ ತಂತಿಜಾಲರಿ ಹಾಕಿದ್ದರು. ಅದರ ಮೂಲಕ ಕಣಜ ಸಲೀಸಾಗಿ ಓಡಾಡುತ್ತಿತ್ತು. ಆದರೆ ಕಣಜದ ಮರಿಗಳನ್ನು ಕದ್ದು ತಿನ್ನಲು ಬರುವ ವೆಸ್ಪ ಟ್ರಾಪಿಕ ಎಂಬ ಕಡಜ ಒಳಗೆ ನುಗ್ಗಲಾರದೆ ಹೊರಗೇ ಉಳಿಯುತ್ತಿತ್ತು. ಕಪ್ಪು ಮೈಗೆ ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟಿಯಿರುವ ಈ ಕಡಜವನ್ನು ನಮ್ಮ ಹಳ್ಳಿಗಳಲ್ಲಿ ನೋಡದವರಿಲ್ಲ. ಜಾಲರಿಯ ಕಣ್ಣಿನ ಅಳತೆಯೇ ಇಲ್ಲಿ ಮುಖ್ಯ. ಕಡಜವನ್ನು ತಡೆದ ಜಾಲರಿ ಕಣಜವನ್ನು ತಡೆಯಲಿಲ್ಲ. ಎರಡನ್ನೂ ತಡೆಯಬೇಕಾದರೆ ಸೊಳ್ಳೆ ಜಾಲರಿಯಷ್ಟು ಸಣ್ಣ ಕಣ್ಣು ಬೇಕು.

ಖಾಲಿ ಬಿದ್ದ ಅಟ್ಟಣೆ

ಗೂಡಿಗೆ ಜಾಗ ಹುಡುಕುವ ಹುಳು ನೋಡುವುದು ಮೂರೇ ಸಂಗತಿ: ಮಳೆ ಬೀಳಬಾರದು, ಬಿರುಗಾಳಿ ತಾಕಬಾರದು, ಯಾರೂ ಅಲ್ಲಾಡಿಸಬಾರದು. ಮನುಷ್ಯ ಕಟ್ಟಿ, ಬಳಸದೆ ಬಿಟ್ಟ ಜಾಗದಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಬೇಟೆ ಅಟ್ಟಣೆಗಳು. ಅಲ್ಲಿ ಜಿಂಕೆ ಬೇಟೆಗೆ ಕಾಲ ಗೊತ್ತುಮಾಡಿ ಪರವಾನಗಿ ಕೊಡುತ್ತಾರೆ. ಬೇಟೆಗಾರರು ಮರಕ್ಕೆ ಆನಿಸಿದ ಅಟ್ಟಣೆಯಲ್ಲೋ, ಕಂಬಗಳ ಮೇಲಿನ ಪೆಟ್ಟಿಗೆಯಂಥ ಗುಡಿಸಲಿನಲ್ಲೋ ಕಾದು ಕುಳಿತುಕೊಳ್ಳುತ್ತಾರೆ. ಬೇಟೆಯ ಕಾಲ ಹೆಚ್ಚಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಉಳಿದ ತಿಂಗಳು ಅಟ್ಟಣೆ ಖಾಲಿ. ಚಳಿಗಾಲ ಕಳೆದು ವಸಂತ ಬಂದೊಡನೆ ಕಣಜದ ರಾಣಿ ಅಲ್ಲಿ ಗೂಡಿಗೆ ಕೈಹಾಕುತ್ತದೆ. ಬೇಸಿಗೆಯಿಡೀ ಬೆಳೆದ ಸಂಸಾರ ಅತಿ ದೊಡ್ಡದಾಗುವುದು ಬೇಸಿಗೆಯ ಕೊನೆಗೆ, ಬೇಟೆಗಾರ ಏಣಿ ಹತ್ತುವ ಹೊತ್ತಿಗೆ ಸರಿಯಾಗಿ. ಎತ್ತರದಲ್ಲಿ ಕುಟುಕಿಗಿಂತ ಕೈಬಿಟ್ಟು ಬೀಳುವುದೇ ದೊಡ್ಡ ಅಪಾಯ. ಹಾಗಾಗಿ ಅನುಭವಸ್ಥರು ವಸಂತದಲ್ಲೇ ಒಮ್ಮೆ ಹೋಗಿ ನೋಡುತ್ತಾರೆ. ಕಿಟಕಿ, ಸಂದಿ, ಕೊಳವೆಯ ತುದಿಗಳನ್ನು ಮುಚ್ಚುತ್ತಾರೆ. ಹತ್ತುವ ಮುನ್ನ ಕೆಳಗೆ ನಿಂತು ದುರ್ಬೀನಿನಿಂದ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ 2000ದಿಂದ 2017ರವರೆಗೆ ಜೇನು, ಕಣಜ, ಕಡಜಗಳ ಕುಟುಕಿಗೆ ಸತ್ತವರು 1,109 ಜನ. ಅವರಲ್ಲಿ ಐವರಲ್ಲಿ ನಾಲ್ವರು ಗಂಡಸರು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಅಟ್ಟಣೆಗಳಿಗೆ ಕೆಲಸವಿಲ್ಲ. ಆದರೆ ಆನೆ, ಹಂದಿಗಳಿಂದ ಫಸಲು ಕಾಯುವ ಅಟ್ಟಣೆ, ಮಾಳಗಳು ಕಾಡಂಚಿನ ಊರುಗಳಲ್ಲಿ ಇಂದಿಗೂ ಇವೆ. ಪೈರು ಹಾಲುಗಟ್ಟುವವರೆಗೆ ಅವು ಖಾಲಿ. ಆಮೇಲೆ ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ರೈತ ಕಂಬಳಿ ಹೊದ್ದು ಹತ್ತುತ್ತಾನೆ. ಅಡಿಕೆ, ತೆಂಗಿನ ಮರ ಹತ್ತುವವರದೂ ಇದೇ ಪಾಡು. ನೆಲದ ಮೇಲೆ ಓಡಬಹುದು. ಮರದ ತುದಿಯಲ್ಲಿ ಓಡುವುದೆಲ್ಲಿಗೆ? ಹತ್ತುವ ಮೊದಲು ಹಗಲಿನಲ್ಲಿ ಐದು ನಿಮಿಷ ಕೆಳಗೆ ನಿಂತು ತುದಿಯನ್ನು ನೋಡುವುದು, ಹುಳು ಒಂದೇ ಜಾಗಕ್ಕೆ ಹೋಗಿ ಬರುತ್ತಿದೆಯೇ ಎಂದು ಗಮನಿಸುವುದು ಜೀವ ಉಳಿಸುವ ಅಭ್ಯಾಸ.

ಖಾಲಿ ಬೀಳುವ ಮತ್ತೊಂದು ಕಟ್ಟಡವೆಂದರೆ ಶಾಲೆ. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಬಾಗಿಲು ಹಾಕಿರುತ್ತದೆ. ಒಡೆದ ಗಾಜಿನ ಕಿಟಕಿ, ಹಂಚಿನ ಸಂದಿ, ಶೌಚಾಲಯದ ಗವಾಕ್ಷಿಗಳು ಹುಳುಗಳಿಗೆ ಬಾಗಿಲಾಗುತ್ತವೆ. ಶಾಲೆ ತೆರೆದ ದಿನ ಮಕ್ಕಳು ನೂಕಿಕೊಂಡು ಒಳಗೆ ನುಗ್ಗುತ್ತಾರೆ. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಗೂಡುಗಳು ತಾವಾಗಿ ಬರಿದಾಗುತ್ತವೆ. ನಮ್ಮಲ್ಲಿ ಆ ಅನುಕೂಲವಿಲ್ಲ. ರೊಪಾಲಿಡಿಯ ಕಣಜ ವರ್ಷದ ಯಾವ ಕಾಲದಲ್ಲಾದರೂ ಗೂಡು ಹೂಡಬಲ್ಲದು. ಹಿಂದೆ ಯುಗಾದಿಗೆ, ದಸರೆಗೆ ಅಟ್ಟದಿಂದ ಹಿಡಿದು ಸೂರಿನವರೆಗೆ ಧೂಳು ಹೊಡೆದು ಸುಣ್ಣ ಬಳಿಯುತ್ತಿದ್ದರು. ಆ ನೆಪದಲ್ಲಿ ಗೂಡುಗಳೂ ಹೋಗುತ್ತಿದ್ದವು. ಈಗಿನ ಬಣ್ಣದ ಗೋಡೆಗೆ ವರ್ಷವರ್ಷ ಸುಣ್ಣ ಬೇಡ, ಆದರೆ ತಲೆಯೆತ್ತಿ ನೋಡುವ ಪದ್ಧತಿ ಬೇಡವೆಂದಲ್ಲ.

ತಡೆಯುವ ದಾರಿ

1. ವಾರಕ್ಕೊಮ್ಮೆ ಸೂರು, ಸಜ್ಜ, ಜಗಲಿಯ ತೊಲೆ, ಮೆಟ್ಟಿಲಿನ ಅಡಿ, ಕೊಟ್ಟಿಗೆ, ಸೌದೆಮನೆಗಳನ್ನು ಹಗಲಿನಲ್ಲಿ ನೋಡಬೇಕು. ಮಳೆ ನಿಂತು ಬಿಸಿಲು ಕಂಡ ವಾರಗಳಲ್ಲಿ ಇದನ್ನು ತಪ್ಪಿಸಬಾರದು.

2. ನಾಣ್ಯದಗಲದ ಹೊಸ ಗೂಡು ಕಂಡರೆ, ಹುಳು ಮೇವಿಗೆ ಹೋದ ಹೊತ್ತು ನೋಡಿ ಉದ್ದ ಗಳುವಿಗೆ ಕಟ್ಟಿದ ಪೊರಕೆಯಿಂದ ತೊಟ್ಟಿನ ಸಮೇತ ಕೆಡವಬೇಕು. ಆ ಜಾಗವನ್ನು ಸಾಬೂನು ನೀರಿನಿಂದ ಒರೆಸಬೇಕು. ಮುಂದಿನ ಕೆಲವು ದಿನ ಅಲ್ಲಿಯೇ ಕಣ್ಣಿಡಬೇಕು. ಇದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ.

3. ತೂತುಗಳನ್ನು ಮುಚ್ಚಬೇಕು. ಗೇಟು, ಧ್ವಜಸ್ತಂಭ, ಆಟದ ಸಲಕರಣೆಗಳ ಟೊಳ್ಳು ಕೊಳವೆಗಳಿಗೆ ಬಿರಡೆ. ಗೋಡೆಯ ಬಿರುಕಿಗೆ ಸಿಮೆಂಟು. ಗವಾಕ್ಷಿ, ಅಟ್ಟದ ಕಿಂಡಿಗೆ ಸೊಳ್ಳೆ ಜಾಲರಿ. ಮುಚ್ಚುವ ಮೊದಲು ಒಳಗೆ ಗೂಡಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹುಳುಗಳಿರುವ ಸಂದಿಯನ್ನು ಮುಚ್ಚಿದರೆ ಅವು ಮನೆಯ ಒಳಮುಖಕ್ಕೆ ದಾರಿ ಹುಡುಕಬಹುದು.

4. ವಿದ್ಯುತ್ ಮೀಟರಿನ ಪೆಟ್ಟಿಗೆ, ಪಂಪಿನ ಸ್ವಿಚ್ ಪೆಟ್ಟಿಗೆಗಳಲ್ಲಿ ಗೂಡಿದ್ದರೆ ನೀರು ಎರಚುವುದಾಗಲಿ, ಕಬ್ಬಿಣದ ಕಡ್ಡಿ ಹಾಕುವುದಾಗಲಿ ಕೂಡದು. ಲೈನ್‌ಮನ್ನನ್ನು ಕರೆಸಬೇಕು.

5. ಬೇಲಿ, ಕಿಟಕಿಯ ಹಳೆಯ ಮರಕ್ಕೆ ಬಣ್ಣ ಬಳಿದರೆ ಕಣಜಕ್ಕೆ ಕಾಗದದ ಕಚ್ಚಾಮಾಲು ಕಡಿಮೆಯಾಗುತ್ತದೆ. ತಿಪ್ಪೆ, ಕೊಳೆತ ಹಣ್ಣು, ಮೀನು ಮಾಂಸದ ಚೂರು, ತೊಟ್ಟಿಕ್ಕುವ ನಲ್ಲಿ ಇವೆಲ್ಲ ಹುಳುಗಳಿಗೆ ಅನ್ನ ನೀರು. ಅವನ್ನು ಮುಚ್ಚಿಟ್ಟರೆ ಸಂತೆಗೆ ಬರುವವರೂ ಕಡಿಮೆ.

6. ಆಟದ ಮೈದಾನದ ಬಳಿ, ಓಡಾಡುವ ದಾರಿಯ ಬಳಿ ಕಡಜದ ಮುಚ್ಚಿದ ಗೂಡು ಕಂಡರೆ ಸುತ್ತ ಹಗ್ಗ ಕಟ್ಟಿ ದಾರಿ ಬದಲಿಸಬೇಕು. ತೆಗೆಸುವ ಕೆಲಸವನ್ನು ರಕ್ಷಣಾ ಉಡುಪು ಮತ್ತು ಅನುಭವ ಇರುವವರಿಗೇ ಬಿಡಬೇಕು. ತುರ್ತಾದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದ ನೆರವು ಕೇಳಬಹುದು.

ಮಾಡಬಾರದ ಸಾಹಸಗಳು

ಕಡಜದ ಗೂಡಿಗೆ ಪಂಜು ಹಿಡಿಯುವುದು ನಮ್ಮಲ್ಲಿ ಹಳೆಯ ರೂಢಿ. ಹೊದಿಕೆ ಹೊತ್ತಿಕೊಳ್ಳುವ ಮೊದಲೇ ಕಾವಲಿನ ಹುಳುಗಳು ಹೊರಬಿದ್ದಿರುತ್ತವೆ. ಕಾದಾಟಕ್ಕಿಳಿದ ಕಡಜಗಳು ಗಾಳಿಗೆ ಬಿಡುವ ವಾಸನೆ ಉಳಿದವಕ್ಕೆ ಕಹಳೆಯಂತೆ. ಅದು ಹರಡಿದೊಡನೆ ಗೂಡೇ ಎದ್ದುಬರುತ್ತದೆ. ಏಣಿಯ ಮೇಲಿರುವವನಿಗೆ ಒಂದು ಕೈಯಲ್ಲಿ ಬೆಂಕಿ, ಕೆಳಗೆ ಹುಲ್ಲಿನ ಬಣವೆ. ಕೀಟನಾಶಕದ ಡಬ್ಬಿಯನ್ನು ದೀಪದ ಬಳಿ ಸಿಂಪಡಿಸುವುದೂ ಇಷ್ಟೇ ಅಪಾಯಕರ. ಅದರೊಳಗಿನ ಅನಿಲ ಹೊತ್ತಿಕೊಳ್ಳುತ್ತದೆ. ಕಲ್ಲೆಸೆಯುವುದು, ಗುಲೇಲಿನಿಂದ ಹೊಡೆಯುವುದು ಮಕ್ಕಳಿಗೆ ಆಟ. ಆದರೆ ಏಟು ತಿನ್ನುವುದು ಕಲ್ಲೆಸೆದವನೇ ಆಗಬೇಕೆಂದಿಲ್ಲ, ಆ ದಾರಿಯಲ್ಲಿ ಬರುವ ಮುದುಕಿಯೂ ಆಗಬಹುದು. ಗೂಡಿನ ಬಳಿ ಕಳೆ ಕೊಚ್ಚುವ ಯಂತ್ರ, ಗರಗಸಗಳ ಅದುರುವಿಕೆಯೂ ಕಡಜವನ್ನು ಕೆರಳಿಸುತ್ತದೆ.

ಕಾಗದದ ಚೀಲ ಊದಿ ನೇತುಹಾಕಿದರೆ ಬೇರೆ ಗೂಡಿದೆಯೆಂದು ಕಣಜ ಹೆದರಿ ಹೋಗುತ್ತದೆ ಎಂಬ ಮಾತು ಅನೇಕ ದೇಶಗಳಲ್ಲಿದೆ. ಒಂದೇ ಸಜ್ಜದಡಿ ಅಕ್ಕಪಕ್ಕದಲ್ಲೇ ಎರಡು ಮೂರು ಗೂಡುಗಳನ್ನು ಕಂಡವರಿಗೆ ಈ ಉಪಾಯದ ಬೆಲೆ ತಿಳಿಯುತ್ತದೆ. ಲವಂಗ, ನಿಂಬೆಹುಲ್ಲಿನ ಎಣ್ಣೆಗಳ ವಾಸನೆ ಕೆಲವು ಕಣಜಗಳಿಗೆ ಹಿಡಿಸದೆಂಬುದು ನಿಜ. ಆದರೆ ಎಣ್ಣೆ ಆರಿದೊಡನೆ ಅದರ ಕಾವಲೂ ಮುಗಿಯುತ್ತದೆ. ನುಸಿಗುಳಿಗೆ ಬಯಲಿನಲ್ಲಿ ನಿಷ್ಪ್ರಯೋಜಕ, ಮಕ್ಕಳ ಬಾಯಿಗೆ ಹೋದರೆ ವಿಷ.

ಕುಟುಕಿದರೆ

ಹುಳುಗಳು ಎದ್ದಾಗ ಅಲ್ಲೇ ಕೈಬೀಸುತ್ತಾ ನಿಲ್ಲಬಾರದು. ಮುಖ ಮುಚ್ಚಿಕೊಂಡು ಬೇಗ ದೂರ ಹೋಗಬೇಕು, ಸಾಧ್ಯವಾದರೆ ಬಾಗಿಲು ಹಾಕುವ ಕೋಣೆ ಸೇರಬೇಕು. ಒಂದೆರಡು ಕುಟುಕಾದರೆ ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರ ಬಟ್ಟೆಯನ್ನೋ ಇಟ್ಟರೆ ಸಾಕು. ಕೈಗೆ ಕುಟುಕಿದ್ದರೆ ಉಂಗುರ, ಬಳೆಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಜೇನಾಗಿದ್ದರೆ ಚರ್ಮದಲ್ಲಿ ಉಳಿದ ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಸುಣ್ಣ, ಹೊಗೆಸೊಪ್ಪು ಹಚ್ಚುವುದರಿಂದ ಒಳಗೆ ಸೇರಿದ ನಂಜು ಹೊರಬರುವುದಿಲ್ಲ. ಸುಣ್ಣದಿಂದ ಚರ್ಮ ಸುಡಬಹುದು.

ನಂಜಿನಲ್ಲಿ ನೋವು, ಊತ ತರುವ ಹಿಸ್ಟಮೀನ್‌ನಂಥ ರಾಸಾಯನಿಕಗಳೂ ಪ್ರೋಟೀನುಗಳೂ ಇವೆ. ಹೆಚ್ಚಿನವರಲ್ಲಿ ಉರಿ, ಊತ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಕೆಲವರ ದೇಹ ಹಿಂದಿನ ಕುಟುಕಿನಿಂದ ಆ ಪ್ರೋಟೀನುಗಳ ಬಗ್ಗೆ ಅತಿಸೂಕ್ಷ್ಮವಾಗಿರುತ್ತದೆ. ಅಂಥವರಿಗೆ ಒಂದೇ ಕುಟುಕು ಪ್ರಾಣಾಂತಿಕವಾಗಬಹುದು. ಅನಾಫಿಲಾಕ್ಸಿಸ್ ಎಂಬ ಈ ಪ್ರತಿಕ್ರಿಯೆಯನ್ನು 1902ರಲ್ಲಿ ವರ್ಣಿಸಿದವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ. ಇದಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಲಕ್ಷಣಗಳನ್ನು ಪ್ರತಿಯೊಬ್ಬ ತಂದೆತಾಯಿಯೂ ಶಿಕ್ಷಕನೂ ತಿಳಿದಿರಬೇಕು. ಕುಟುಕಿದ ಕೆಲವೇ ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಮೈಯೆಲ್ಲಾ ದದ್ದು, ತುಟಿ-ನಾಲಿಗೆಯ ಊತ, ಗೊಗ್ಗರು ದನಿ, ಉಬ್ಬಸ, ವಾಂತಿ, ತಲೆಸುತ್ತು ಕಾಣಿಸಿದರೆ ಮನೆಮದ್ದಿಗೆ ಕೈಹಾಕುವ ಹೊತ್ತಲ್ಲ. ರೋಗಿಯನ್ನು ಮಲಗಿಸಿ ಕಾಲು ಎತ್ತರದಲ್ಲಿಡಬೇಕು, ಉಸಿರು ಕಷ್ಟವಾದರೆ ಒರಗಿ ಕೂರಿಸಬೇಕು, ನಡೆಸಬಾರದು. ಕೂಡಲೇ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆ ಸೇರಿಸಬೇಕು. ಅಲ್ಲಿ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಹಿಂದೆ ಒಮ್ಮೆ ಹೀಗಾಗಿದ್ದ ಮಗುವಿನ ವಿಷಯವನ್ನು ಶಾಲೆಗೆ ಮುಂಚೆಯೇ ತಿಳಿಸಿರಬೇಕು.

ಹತ್ತಾರು ಕಡಜಗಳು ಒಟ್ಟಿಗೆ ಕುಟುಕಿದಾಗ ಅಲರ್ಜಿ ಇಲ್ಲದವರಿಗೂ ಅಪಾಯ. ನಂಜು ಸ್ನಾಯು, ರಕ್ತಕಣಗಳನ್ನು ಕೆಡಿಸಿ ಮೂತ್ರಪಿಂಡವನ್ನು ನಿಲ್ಲಿಸಬಹುದು. ಆರಂಭದಲ್ಲಿ ಆರಾಮವಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರ ಕಪ್ಪಾಗುವುದು, ಕಡಿಮೆಯಾಗುವುದು ಕೆಟ್ಟ ಸೂಚನೆ. 2013ರಲ್ಲಿ ಚೀನದ ಶಾಂಕ್ಸಿ ಪ್ರಾಂತದಲ್ಲಿ ಕೆಲವೇ ತಿಂಗಳಲ್ಲಿ ಕಡಜಗಳ ದಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಮಿಕ್ಕಿ ಜನ ಗಾಯಗೊಂಡರು.

ಎಲ್ಲವನ್ನೂ ಓಡಿಸಬೇಕೆ?

ಬೇಡ. ಹಿತ್ತಲಿನ ಮೂಲೆಯ ಮಾವಿನ ಮರದಲ್ಲಿ, ಯಾರೂ ಸುಳಿಯದ ಬೇಲಿಯಲ್ಲಿ ಇರುವ ಗೂಡಿನಿಂದ ಮನೆಗೆ ನಷ್ಟವಿಲ್ಲ, ಲಾಭವಿದೆ. ಬೆಳೆದ ಕಣಜ ಕುಡಿಯುವುದು ಸಿಹಿರಸ. ಆದರೆ ಗೂಡಿನಲ್ಲಿ ಬೆಳೆಯುವ ಮರಿಗಳಿಗೆ ಮಾಂಸ ಬೇಕು. ಅದಕ್ಕಾಗಿ ತಾಯಂದಿರು ದಿನವಿಡೀ ತರಕಾರಿ, ಹೂವಿನ ಗಿಡಗಳಿಂದ ಎಲೆ ತಿನ್ನುವ ಹುಳುಗಳನ್ನು ಹಿಡಿದು, ಅಗಿದು ಉಂಡೆ ಮಾಡಿ ಒಯ್ಯುತ್ತವೆ. ಕೂಲಿ ಕೇಳದ ಕಾವಲುಗಾರರು ಇವರು.

ಕುಟುಕದ ಕಣಜಗಳ ಉಪಕಾರವಂತೂ ಇನ್ನೂ ದೊಡ್ಡದು. ಕಬ್ಬಿನ ಕಾಂಡಕೊರಕದ ಹತೋಟಿಗೆ ರೈತರು ಕಾರ್ಡುಗಳ ರೂಪದಲ್ಲಿ ಗದ್ದೆಗೆ ಬಿಡುವ ಟ್ರೈಕೊಗ್ರಾಮ, ಸಾಸಿವೆಗಿಂತ ಚಿಕ್ಕದಾದ ಕಣಜವೇ. ಅದು ಶತ್ರುಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುತ್ತದೆ. ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಬಿಳಿಯ ಹಿಟ್ಟುತಿಗಣೆ ಹಾಳುಗೆಡವುತ್ತಿದ್ದಾಗ, 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಕಣಜವನ್ನು ಬೆಂಗಳೂರಿನ ಕೀಟವಿಜ್ಞಾನಿಗಳು ಬೆಳೆಸಿ ತೋಟಗಳಿಗೆ ಬಿಟ್ಟರು. ವಿಷ ಸಿಂಪಡಿಸಿ ಸೋತ ರೈತರಿಗೆ ಈ ಹುಳು ಆಸರೆಯಾಯಿತು.

ಹಾಗಾಗಿ ಗೂಡು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಎಷ್ಟು ದೂರದಲ್ಲಿದೆ ಎಂಬುದು. ಬಾಗಿಲು, ಮೆಟ್ಟಿಲು, ನೀರಿನ ತೊಟ್ಟಿ, ಮಕ್ಕಳ ಆಟದ ಜಾಗ, ಏಣಿ ಇಡುವ ಮರ ಇವುಗ��ಿಗೆ ಹತ್ತಿರವಿದ್ದರೆ ಅದು ಚಿಕ್ಕದಿರುವಾಗಲೇ ಹೋಗಬೇಕು. ದೂರವಿದ್ದರೆ ಅದರ ಪಾಡಿಗೆ ಅದು ಇರಲಿ. ಎರಡನೆಯ ಪ್ರಶ್ನೆ, ಅದು ಯಾರ ಗೂಡು ಎಂಬುದು. ಮಣ್ಣಿನದಾದರೆ ಚಿಂತೆಯಿಲ್ಲ, ತೆರೆದ ಕಾಗದದ್ದಾದರೆ ಎಚ್ಚರ, ಮುಚ್ಚಿದ ಕೋಟೆಯಾದರೆ ದೂರ.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ, ಮತ್ತೆ ದಸರೆ ರಜೆಯ ಕೊನೆಗೆ, ಹಿರಿಯರಿಬ್ಬರು ಕಟ್ಟಡವನ್ನು ಒಂದು ಸುತ್ತು ಬಂದು ಸೂರು, ಕಿಟಕಿ, ಶೌಚಾಲಯ, ಮರದ ಕೊಂಬೆಗಳನ್ನು ನೋಡಲು ಅರ್ಧ ಗಂಟೆ ಸಾಕು. ಮಕ್ಕಳಿಗೆ ಕೊಡಬೇಕಾದ ಕೆಲಸ ಇನ್ನೂ ಸುಲಭ: ಗೂಡು ಕಂಡವರು ಮುಟ್ಟದೆ, ಕಲ್ಲೆಸೆಯದೆ, ಬಂದು ಹೇಳಬೇಕು. ಹಾಗೆ ಬಂದು ಹೇಳಿದ ಮಗುವನ್ನು ಗದರದೆ, ಅದರ ಜೊತೆ ಹೋಗಿ ದೂರದಿಂದ ಆ ಗೂಡನ್ನು ನೋಡಬೇಕು.